ಸೇಡು ಬೇಡ ಅನ್ನಿ, ಕ್ಷಮಿಸಿ ಅಂತ ಒತ್ತಬೇಡಿ

ಹಿಂಸೆಯಲ್ಲಿ ಮನೆಯವರನ್ನು ಕಳೆದುಕೊಂಡವರ ಜೊತೆ ಆಪ್ತಸಮಾಲೋಚನೆ ಮಾಡುವ ನನಗೆ ಒಂದು ವಿಷಯದಲ್ಲಿ ತಾಳ್ಮೆ ಉಳಿದಿಲ್ಲ. ಹೆಣ ಇನ್ನೂ ಮನೆಗೆ ಬಂದಿರುವುದಿಲ್ಲ, ಅಷ್ಟರಲ್ಲೇ ಯಾರೋ ಧರ್ಮಗುರುಗಳು ಬಂದು ‘ಕ್ಷಮಿಸಿಬಿಡಮ್ಮ, ಮನಸ್ಸು ಹಗುರಾಗುತ್ತೆ’ ಅನ್ನುತ್ತಾರೆ. ಸ್ವಾಮಿಗಳು, ಪಾದ್ರಿಗಳು, ಮೌಲ್ವಿಗಳು, ಎಲ್ಲರಲ್ಲೂ ಇದನ್ನು ನೋಡಿದ್ದೇನೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೂ ಬೇಡ.

ಸೇಡು ಬೇಡ ಅನ್ನುವುದು ಬೇರೆ, ಕ್ಷಮಿಸಿ ಅನ್ನುವುದು ಬೇರೆ. ಮೊದಲನೆಯದನ್ನು ಅದೇ ದಿನ ಮೈಕ್ ಹಿಡಿದು ಇಡೀ ಸಮುದಾಯಕ್ಕೆ ಹೇಳಬೇಕು. ಎರಡನೆಯದು ಮಗನನ್ನು ಕಳೆದುಕೊಂಡ ತಾಯಿಗೆ ಬಿಟ್ಟದ್ದು. ನಾಳೆ ಕ್ಷಮಿಸಬಹುದು, ಹತ್ತು ವರ್ಷಕ್ಕೆ ಕ್ಷಮಿಸಬಹುದು, ಕ್ಷಮಿಸದೆಯೂ ಇರಬಹುದು. ಅವಳು ಕ್ಷಮಿಸದಿದ್ದರೆ ಸೇಡಿಗೆ ಕಾಯುತ್ತಿದ್ದಾಳೆ ಅಂತ ಅರ್ಥ ಅಲ್ಲ. ಕ್ಷಮಿಸಿದರೂ ನ್ಯಾಯ ಕೇಳುವುದನ್ನು ಬಿಡಬೇಕಿಲ್ಲ.

ಶ್ರೀಲಂಕಾ ನೋಡಿ. 2019ರ ಏಪ್ರಿಲ್ 21, ಈಸ್ಟರ್ ಭಾನುವಾರ. ಚರ್ಚುಗಳಲ್ಲಿ, ದೊಡ್ಡ ಹೋಟೆಲುಗಳಲ್ಲಿ ಬಾಂಬ್ ಸಿಡಿದು 250ಕ್ಕೂ ಹೆಚ್ಚು ಜನ ಸತ್ತರು. ನಮ್ಮಲ್ಲಿ ಮತದಾನ ಮುಗಿದ ಮೇಲೆ ಅಲ್ಲಿಗೆ ಹೋಗಿದ್ದ ಬೆಂಗಳೂರು, ನೆಲಮಂಗಲ ಕಡೆಯವರೂ ಅದರಲ್ಲಿದ್ದರು. ಅಲ್ಲಿನ ಕ್ಯಾಥೊಲಿಕ್ ಚರ್ಚಿನ ಹಿರಿಯ ಧರ್ಮಗುರು, ಕೊಲಂಬೊದ ಕಾರ್ಡಿನಲ್ ಮಾಲ್ಕಮ್ ರಂಜಿತ್ ಆ ದಿನ ಕ್ಷಮೆಯ ಪಾಠ ಮಾಡಲಿಲ್ಲ. ತಪ್ಪಿತಸ್ಥರಿಗೆ ಕಠಿಣ ಶಿಕ್ಷೆಯಾಗಲಿ, ಆದರೆ ಯಾರೂ ಕಾನೂನು ಕೈಗೆ ತಗೋಬೇಡಿ ಅಂದರು. ಅಷ್ಟಾದರೂ ಮೇ ತಿಂಗಳಲ್ಲಿ ಮುಸ್ಲಿಮರ ಅಂಗಡಿ, ಮಸೀದಿಗಳ ಮೇಲೆ ದಾಳಿಯಾಯಿತು. ನಾವು ಕ್ಷಮಿಸಿದ್ದೇವೆ ಅಂತ ಕಾರ್ಡಿನಲ್ 2020ರ ಈಸ್ಟರ್ ಪ್ರವಚನದಲ್ಲಿ ಹೇಳಿದರು. ಎಲ್ಲರ ಪರವಾಗಿ ಹಾಗೆ ಹೇಳಬಹುದಾ ಅಂತ ನನಗೆ ಅನುಮಾನವಿದೆ. ಆದರೆ ಅದಾದ ಮೇಲೂ ಅವರು ಸುಮ್ಮನಾಗಲಿಲ್ಲ, ಇದರ ಹಿಂದೆ ಯಾರಿದ್ದರು, ಮೊದಲೇ ಬಂದ ಎಚ್ಚರಿಕೆಯನ್ನು ಯಾಕೆ ಕಡೆಗಣಿಸಿದರು ಅಂತ ಕೇಳುತ್ತಲೇ ಇದ್ದರು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ದಾಳಿ ತಡೆಯದಿದ್ದಕ್ಕೆ ಆಗ ಅಧ್ಯಕ್ಷರಾಗಿದ್ದ ಮೈತ್ರಿಪಾಲ ಸಿರಿಸೇನ ತಮ್ಮ ಕೈಯಿಂದ ಶ್ರೀಲಂಕಾದ 10 ಕೋಟಿ ರೂಪಾಯಿ ಪರಿಹಾರ ಕೊಡಬೇಕು ಅಂತ ತೀರ್ಪು ಕೊಟ್ಟಿತು.

ನನ್ನ ಹತ್ತಿರ ಬರುತ್ತಿದ್ದ ಒಬ್ಬ ಅಕ್ಕ, ಗಲಭೆಯಲ್ಲಿ ಗಂಡನನ್ನು ಕಳೆದುಕೊಂಡವರು, ಪ್ರಾರ್ಥನೆಗೆ ಹೋಗುವುದನ್ನೇ ಬಿಟ್ಟಿದ್ದರು. ಕ್ಷಮಿಸೋಕೆ ಆಗ್ತಿಲ್ಲ, ನನ್ನ ಭಕ್ತಿಯಲ್ಲೇ ಏನೋ ದೋಷ ಇದೆ ಅನ್ನುತ್ತಿದ್ದರು. ಗಂಡ ಹೋದ ದುಃಖ ಸಾಲದು ಅಂತ ಇದು ಬೇರೆ! ಅವರು ಮತ್ತೆ ಹೋಗೋಕೆ ಶುರು ಮಾಡಿದ್ದು ಪ್ರವಚನ ಕೇಳಿ ಅಲ್ಲ. ಅಲ್ಲಿಯ ಇಬ್ಬರು ಹೆಂಗಸರು ಕೋರ್ಟ್ ತಾರೀಖಿಗೆಲ್ಲ ಜೊತೆಗೆ ಬರುತ್ತಿದ್ದರು, ಬುತ್ತಿ ತರುತ್ತಿದ್ದರು, ಪರಿಹಾರದ ಅರ್ಜಿ ತುಂಬಿಕೊಟ್ಟರು. ಇಂಥವರ ಮೇಲೆ ನನಗೆ ತುಂಬಾ ಅಭಿಮಾನ.

ನೀವೂ ಅಷ್ಟು ಮಾಡಿ. ಏನಾಯ್ತು ಹೇಳಿ ಅಂತ ಕೆದಕಬೇಡಿ, ಅವರಾಗಿ ಹೇಳಿದರೆ ಕೇಳಿ. ನಿದ್ದೆ ಬರದಿರುವುದು, ಬೆಚ್ಚಿಬೀಳುವುದು ಮೊದಮೊದಲು ಸಹಜ. ತಿಂಗಳಾದರೂ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಇನ್ನು ವರ್ಷದ ಪ್ರಾರ್ಥನೆ ಇಟ್ಟುಕೊಳ್ಳುವ ಮುಂಚೆ ಆ ಮನೆಯವರನ್ನು ಕೇಳಿ: ಹೆಸರು ಓದಬಹುದಾ, ಟೀವಿಯವರನ್ನು ಒಳಗೆ ಬಿಡಬಹುದಾ, ಕ್ಷಮೆಯ ಬಗ್ಗೆ ಮಾತಾಡಬಹುದಾ ಅಂತ. ಬೇಡ ಅಂದರೆ ಅಲ್ಲಿಗೆ ಬಿಟ್ಟುಬಿಡಿ.