ದಶಮಾಂಶ: ಯಾರು ಕೊಟ್ಟರು, ಏನನ್ನು ಕೊಟ್ಟರು, ಯಾರಿಗೆ ಕೊಟ್ಟರು?

ಕ್ರೈಸ್ತರು ಸಂಬಳದಲ್ಲಿ ಹತ್ತರಲ್ಲೊಂದು ಪಾಲನ್ನು ಸಭೆಗೆ ಕೊಡಲೇಬೇಕೇ? ಸತ್ಯವೇದದ ಅಧ್ಯಯನಕ್ಕೆ ಕೂತ ಯಾವ ಗುಂಪಿನಲ್ಲೂ ಈ ಪ್ರಶ್ನೆ ಒಂದಲ್ಲ ಒಂದು ದಿನ ಏಳುತ್ತದೆ. ಹೆಚ್ಚಿನವರು ಮಲಾಕಿಯ 3:10 ಓದಿ, ಕೊಡಲೇಬೇಕೆಂದು ಹೇಳಿ ಮುಗಿಸುತ್ತಾರೆ. ಹಾಗೆ ಹಳೆಯ ಒಡಂಬಡಿಕೆಯ ಕೊನೆಯ ಪುಸ್ತಕದಿಂದ ಶುರು ಮಾಡುವುದರಿಂದಲೇ ಗೊಂದಲವಾಗುತ್ತದೆ. ಆದಿಕಾಂಡದಿಂದ ಹೊರಡಿ. ದಶಮಾಂಶದ ಮಾತು ಬಂದಲ್ಲೆಲ್ಲ ನಿಂತು ಕೊಟ್ಟವರು ಯಾರು, ಕೊಟ್ಟದ್ದೇನು, ಪಡೆದವರು ಯಾರು, ಯಾತಕ್ಕಾಗಿ ಎಂಬ ನಾಲ್ಕನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಧರ್ಮಶಾಸ್ತ್ರಕ್ಕಿಂತ ಮುಂಚೆ

ಮೋಶೆಯ ಮೂಲಕ ಧರ್ಮಶಾಸ್ತ್ರ ಬರುವ ಮೊದಲು ದಶಮಾಂಶದ ಎರಡೇ ಸಂದರ್ಭಗಳಿವೆ. ಆದಿಕಾಂಡ 14ರಲ್ಲಿ ಅಬ್ರಾಮನು (ಮುಂದೆ ಅಬ್ರಹಾಮ) ಯುದ್ಧದಲ್ಲಿ ಸೆರೆಯಾಗಿದ್ದ ಸೋದರನ ಮಗ ಲೋಟನನ್ನು ಬಿಡಿಸಿಕೊಂಡು ಬರುವಾಗ ಸಾಲೇಮಿನ ಅರಸನೂ ಯಾಜಕನೂ ಆಗಿದ್ದ ಮೆಲ್ಕೀಚೆದೆಕನಿಗೆ ಹತ್ತರಲ್ಲೊಂದು ಪಾಲು ಕೊಟ್ಟನು. ಅದು ಯುದ್ಧದ ಕೊಳ್ಳೆಯಿಂದ ಕೊಟ್ಟದ್ದು ಎಂದು ಇಬ್ರಿಯರಿಗೆ 7:4 ಹೇಳುತ್ತದೆ. ಅವನು ವರ್ಷ ವರ್ಷ ತನ್ನ ಆದಾಯದಿಂದ ಹೀಗೆ ಕೊಟ್ಟನೆಂದು ಎಲ್ಲೂ ಬರೆದಿಲ್ಲ. ಆದಿಕಾಂಡ 28:20-22ರಲ್ಲಿ ಯಾಕೋಬನು ಬೇತೇಲಿನಲ್ಲಿ ಹರಕೆ ಹೊರುತ್ತಾನೆ: ದೇವರು ಕಾಪಾಡಿ, ಅನ್ನ ಬಟ್ಟೆ ಕೊಟ್ಟು, ಕ್ಷೇಮವಾಗಿ ಮನೆಗೆ ತಲುಪಿಸಿದರೆ ಕೊಡುತ್ತೇನೆ ಎಂದು. ಅದು ಸ್ವಂತ ಹರಕೆ. ಬೇರೆಯವರಿಗೆ ಆಜ್ಞೆಯಲ್ಲ.

“ಧರ್ಮಶಾಸ್ತ್ರಕ್ಕಿಂತ ಮುಂಚೆಯೇ ಇತ್ತು, ಆದ್ದರಿಂದ ಈಗಲೂ ಕಡ್ಡಾಯ” ಎಂಬ ವಾದವನ್ನು ನೀವು ಕೇಳಿರುತ್ತೀರಿ. ಸುನ್ನತಿಯೂ ಅಬ್ರಹಾಮನಿಗೇ ಕೊಡಲ್ಪಟ್ಟಿತು (ಆದಿಕಾಂಡ 17). ಪಶುಬಲಿಯೂ ಮೋಶೆಗಿಂತ ಹಳೆಯದು. ಅವೆರಡನ್ನೂ ಸಭೆ ಕಡ್ಡಾಯ ಮಾಡಿಲ್ಲ. ಬರೀ ಹಳೆಯದೆಂಬ ಕಾರಣಕ್ಕೆ ಒಂದು ಆಚರಣೆ ನಮಗೆ ಆಜ್ಞೆಯಾಗುವುದಿಲ್ಲ.

ಧರ್ಮಶಾಸ್ತ್ರದಲ್ಲಿ ಒಂದಲ್ಲ, ಹಲವು

ಇಲ್ಲಿ ನಿಧಾನವಾಗಿ ಓದಬೇಕು. ಬಹುತೇಕ ತಪ್ಪು ತಿಳಿವಳಿಕೆ ಹುಟ್ಟುವುದು ಈ ಭಾಗವನ್ನು ಹಾರಿಸಿ ಹೋಗುವುದರಿಂದ.

ಯಾಜಕಕಾಂಡ 27:30-33 ಏನನ್ನು ಕೊಡಬೇಕೆಂದು ಹೇಳುತ್ತದೆ: ಹೊಲದ ಬೆಳೆ, ಮರದ ಹಣ್ಣು, ದನ, ಆಡು, ಕುರಿ. ಬೆಳೆಯ ಪಾಲನ್ನು ತಾನೇ ಇಟ್ಟುಕೊಳ್ಳಬೇಕೆಂದರೆ ಅದರ ಬೆಲೆಗೆ ಐದರಲ್ಲೊಂದು ಭಾಗ ಸೇರಿಸಿ ಕೊಡಬೇಕಿತ್ತು. ಅಂದರೆ ಆ ಪಾಲಿನ ಬೆಲೆ 100 ನಾಣ್ಯವಾದರೆ 120. ಪಶುಗಳ ವಿಷಯದಲ್ಲಿ ಬಿಡಿಸಿಕೊಳ್ಳುವ ಅವಕಾಶವಿಲ್ಲ. ಕೋಲಿನ ಕೆಳಗೆ ಹಾದುಹೋಗುವ ಹತ್ತನೆಯದು, ಕೊಬ್ಬಿದ್ದಾಗಲಿ ಬಡಕಲಾಗಲಿ, ಯೆಹೋವನದು. ಬದಲಾಯಿಸಿದರೆ ಎರಡೂ ಅವನದೇ. ಲೆಕ್ಕ ಹತ್ತನೆಯದರಿಂದ ಶುರುವಾಗುವುದರಿಂದ ಒಂಬತ್ತೇ ಕುರಿಮರಿಗಳಿದ್ದವನಿಂದ ಹೋಗುವುದೇನೂ ಇಲ್ಲ. ಬಡವನ ಕಡೆಗಿರುವ ಈ ಕರುಣೆಯನ್ನು ಗಮನಿಸಿ. ಕೂಲಿಯ ಹಣ, ಬಡಗಿಯ ಗಳಿಕೆ, ಬೆಸ್ತನ ಮೀನು ಈ ವಚನಗಳ ಪಟ್ಟಿಯಲ್ಲಿ ಇಲ್ಲವೆಂಬುದನ್ನೂ ಗುರುತು ಹಾಕಿಕೊಳ್ಳಿ.

ಅರಣ್ಯಕಾಂಡ 18:21-28 ಯಾರಿಗೆ ಮತ್ತು ಯಾಕೆ ಎಂದು ಹೇಳುತ್ತದೆ. ಲೇವಿಯರಿಗೆ ಉಳಿದ ಕುಲಗಳಂತೆ ಭೂಮಿಯ ಸ್ವಾಸ್ತ್ಯವಿರಲಿಲ್ಲ. ದೇವದರ್ಶನದ ಗುಡಾರದ ಸೇವೆಗೆ ಪ್ರತಿಯಾಗಿ ಈ ಪಾಲು. ಅವರು ತಮಗೆ ಬಂದದ್ದರಲ್ಲಿ ಮತ್ತೆ ಹತ್ತರಲ್ಲೊಂದನ್ನು ಯಾಜಕನಾದ ಆರೋನನಿಗೆ ಕೊಡಬೇಕು. ರೈತನ 100 ಸೇರು ಗೋಧಿಯಲ್ಲಿ 10 ಸೇರು ಲೇವಿಯರಿಗೆ, ಅದರಿಂದ 1 ಸೇರು ಯಾಜಕನಿಗೆ.

ಧರ್ಮೋಪದೇಶಕಾಂಡ 14:22-27ಕ್ಕೆ ಬಂದರೆ ಓದುಗರು ಬೆರಗಾಗುತ್ತಾರೆ. ಇಲ್ಲಿ ದಶಮಾಂಶವನ್ನು ತಿನ್ನುವವನು ಕೊಟ್ಟವನೇ! ದೇವರು ಆರಿಸಿಕೊಳ್ಳುವ ಸ್ಥಳಕ್ಕೆ ಮನೆಯವರೊಂದಿಗೆ ಹೋಗಿ ಸಂತೋಷದಿಂದ ಊಟ ಮಾಡಬೇಕು. ದೂರವಾದರೆ ಬೆಳೆಯನ್ನು ಮಾರಿ, ಹಣ ಕಟ್ಟಿಕೊಂಡು ಹೋಗಿ, ಅಲ್ಲಿ ದನ, ಕುರಿ, ದ್ರಾಕ್ಷಾರಸ, ಬೇಕಾದದ್ದನ್ನು ಕೊಂಡುಕೊಳ್ಳಬಹುದು. ಊರಿನ ಲೇವಿಯನನ್ನು ಮಾತ್ರ ಮರೆಯಬಾರದು. ಮುಂದಿನ ಎರಡು ವಚನಗಳಲ್ಲಿ ಇನ್ನೊಂದು ಕ್ರಮ: ಮೂರು ವರ್ಷಕ್ಕೊಮ್ಮೆ ಆ ಪಾಲು ಊರಲ್ಲೇ ಉಳಿದು ಲೇವಿಯರು, ಪರದೇಶಿಗಳು, ಅನಾಥರು, ವಿಧವೆಯರು ಹೊಟ್ಟೆತುಂಬ ತಿನ್ನಬೇಕು.

ಇವೆಲ್ಲ ಹೇಗೆ ಕೂಡಿಕೊಳ್ಳುತ್ತವೆ? ಯೆಹೂದ್ಯ ರಬ್ಬಿಗಳ ಕ್ರಮದಲ್ಲಿ ಲೇವಿಯರ ಪಾಲು ಮೊದಲು. ಉಳಿದದ್ದರಲ್ಲಿ ಎರಡನೆಯ ಹತ್ತನೇ ಪಾಲು 1, 2, 4, 5ನೆಯ ವರ್ಷಗಳಲ್ಲಿ ಯೆರೂಸಲೇಮಿನ ಊಟಕ್ಕೆ; 3 ಮತ್ತು 6ನೆಯ ವರ್ಷಗಳಲ್ಲಿ ಬಡವರಿಗೆ. ಏಳನೆಯದು ಭೂಮಿಗೆ ವಿಶ್ರಾಂತಿಯ ವರ್ಷ, ಆಗ ದಶಮಾಂಶವಿಲ್ಲ. ಈ ಲೆಕ್ಕದಲ್ಲಿ ನೂರಕ್ಕೆ ಮೊದಲು 10, ಉಳಿದ 90ರಲ್ಲಿ 9, ಒಟ್ಟು 19 ಹೋಗುತ್ತದೆ. ಇತಿಹಾಸಕಾರ ಜೋಸೆಫಸ್ ಮೂರನೆಯ ವರ್ಷದ್ದನ್ನು ಪ್ರತ್ಯೇಕವಾದ ಮೂರನೆಯ ದಶಮಾಂಶವೆಂದು ಬರೆಯುತ್ತಾನೆ. ಕಥೋಲಿಕರ ಬೈಬಲಿನಲ್ಲಿರುವ ತೋಬಿತನ ಗ್ರಂಥದ ಮೊದಲ ಅಧ್ಯಾಯದಲ್ಲೂ ಮೂರು ಕಾಣಿಸುತ್ತವೆ. ಯಾವ ಲೆಕ್ಕ ಹಿಡಿದರೂ “ಮೋಶೆ ಹೇಳಿದ್ದು ಶೇಕಡ 10” ಎನ್ನುವುದು ಅರ್ಧ ಮಾತೇ. ಅದರ ಜತೆಗೆ ಪ್ರಥಮ ಫಲ ಬೇರೆ (ಧರ್ಮೋಪದೇಶಕಾಂಡ 26:1-11). ಕರ್ನಾಟಕದ ಅನೇಕ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಗಳಲ್ಲಿ ಸುಗ್ಗಿ ಹಬ್ಬದಂದು ಬೆಳೆ, ಕೋಳಿ, ತರಕಾರಿ ತಂದು ಹರಾಜು ಹಾಕುವುದು ಈ ಪ್ರಥಮ ಫಲಕ್ಕೆ ಹತ್ತಿರ. ಅದನ್ನು ದಶಮಾಂಶದೊಡನೆ ಬೆರೆಸಬೇಡಿ.

ಮಲಾಕಿಯ 3:8-10

ದಶಮಾಂಶ ಕೊಡದೆ ನನ್ನಿಂದ ಕದ್ದಿರಿ, ಶಾಪಕ್ಕೆ ಒಳಗಾಗಿದ್ದೀರಿ, ದಶಮಾಂಶವನ್ನೆಲ್ಲ ಭಂಡಾರಕ್ಕೆ ತನ್ನಿ ಎಂದು ದೇವರು ಈ ವಚನಗಳಲ್ಲಿ ಹೇಳುತ್ತಾನೆ. ಭಂಡಾರ ಎಂದರೆ ಇಲ್ಲಿ ದೇವಾಲಯದ ಉಗ್ರಾಣ. “ನನ್ನ ಆಲಯದಲ್ಲಿ ಆಹಾರವಿರಲಿ” ಎಂಬ ಕಾರಣ ಅದೇ ವಚನದಲ್ಲಿದೆ. ಹಿನ್ನೆಲೆಗೆ ನೆಹೆಮೀಯ 13:4-12 ಓದಲೇಬೇಕು. ಧಾನ್ಯವಿಡುವ ಕೊಠಡಿಯನ್ನು ಯಾಜಕನೊಬ್ಬನು ತನಗೆ ಬೇಕಾದ ಟೋಬೀಯನಿಗೆ ಬಿಟ್ಟುಕೊಟ್ಟಿದ್ದನು. ಲೇವಿಯರಿಗೆ ಪಾಲು ಸಿಗದೆ ಅವರು ಸೇವೆ ಬಿಟ್ಟು ಹೊಲಕ್ಕೆ ಹೋಗಿದ್ದರು. ನೆಹೆಮೀಯನು ಟೋಬೀಯನ ಸಾಮಾನನ್ನು ಹೊರಗೆಸೆದು, ಕೊಠಡಿ ಶುದ್ಧಮಾಡಿಸಿ, ಲೇವಿಯರನ್ನು ಕರೆತಂದನು. ಆಮೇಲೆ ಜನ ದಶಮಾಂಶ ತಂದರು. ಮಲಾಕಿಯನೂ ಕುರುಡು, ಕುಂಟು ಪಶುಗಳನ್ನು ಅರ್ಪಿಸಿದ ಯಾಜಕರನ್ನು ಮೊದಲು ಗದರಿಸುತ್ತಾನೆ (1:6-8); 3:5ರಲ್ಲಿ ಕೂಲಿಯವನ ಕೂಲಿ ಹಿಡಿದವರನ್ನೂ ಹೆಸರಿಸುತ್ತಾನೆ. ಇದನ್ನೆಲ್ಲ ಬಿಟ್ಟು ಶಾಪದ ವಚನವೊಂದನ್ನೇ ಎತ್ತಿ, ಆಸ್ಪತ್ರೆ ಖರ್ಚಿಗೆ ಪರದಾಡುವ ವಿಧವೆಯನ್ನು ಹೆದರಿಸುವುದು ಘೋರ ಅನ್ಯಾಯ. ಆ ದಶಮಾಂಶದಿಂದ ಊಟ ಮಾಡಬೇಕಾದವಳೇ ಆಕೆ.

ಯೇಸು ಹೇಳಿದ್ದು

ಮತ್ತಾಯ 23:23ರಲ್ಲಿ ಯೇಸು ಫರಿಸಾಯರಿಗೆ, ಸೊಪ್ಪು ಜೀರಿಗೆಯಲ್ಲೂ ದಶಮಾಂಶ ಲೆಕ್ಕ ಹಾಕಿ ನ್ಯಾಯ, ಕರುಣೆ, ನಂಬಿಕೆಗಳನ್ನು ಬಿಟ್ಟಿರಿ, ಇವುಗಳನ್ನು ಮಾಡಿ ಅವುಗಳನ್ನೂ ಬಿಡದೆ ಇರಬೇಕಿತ್ತು ಎನ್ನುತ್ತಾನೆ. ಈ ಕೊನೆಯ ಮಾತೇ ಕ್ರೈಸ್ತರಿಗೆ ಆಜ್ಞೆ ಎಂದು ಕೆಲವರು ಹಿಡಿಯುತ್ತಾರೆ. ಮಾತು ಕೇಳಿದವರು ಧರ್ಮಶಾಸ್ತ್ರದ ಕೆಳಗಿದ್ದವರು, ದೇವಾಲಯ ಇನ್ನೂ ನಿಂತಿತ್ತು. ಕುಷ್ಠದಿಂದ ಗುಣವಾದವನಿಗೆ, ಯಾಜಕನಿಗೆ ತೋರಿಸಿಕೊಂಡು ಮೋಶೆ ಹೇಳಿದ ಕಾಣಿಕೆ ಕೊಡು ಎಂದವನೂ ಯೇಸುವೇ (ಮತ್ತಾಯ 8:4). ಆ ಕಾಣಿಕೆಯನ್ನು ನಾವು ಯಾರೂ ಕೊಡುತ್ತಿಲ್ಲ. ಇಬ್ರಿಯರಿಗೆ 7ರಲ್ಲಿ ದಶಮಾಂಶ ಬರುವುದೂ ಕ್ರಿಸ್ತನ ಯಾಜಕತ್ವ ಲೇವಿಯದಕ್ಕಿಂತ ದೊಡ್ಡದೆಂದು ತೋರಿಸುವುದಕ್ಕೆ. ಯಾಜಕತ್ವ ಬದಲಾದರೆ ಧರ್ಮಶಾಸ್ತ್ರವೂ ಬದಲಾಗಬೇಕೆಂದು 12ನೆಯ ವಚನ ಹೇಳುತ್ತದೆ.

ಹಾಗಾದರೆ ಎಷ್ಟು, ಹೇಗೆ?

ಅಪೊಸ್ತಲರ ಪತ್ರಗಳಲ್ಲಿ ಸಭೆಗೆ ದಶಮಾಂಶದ ಆಜ್ಞೆಯಿಲ್ಲ. ಆದರೆ ಕೊಡುವುದರ ಬಗ್ಗೆ ಬಹಳವಿದೆ, ಅದು ಹಗುರವೂ ಅಲ್ಲ. 1 ಕೊರಿಂಥದವರಿಗೆ 16:1-2ನ್ನೇ ಕ್ರಮವಾಗಿ ಇಟ್ಟುಕೊಳ್ಳಬಹುದು: ವಾರದ ಮೊದಲನೆಯ ದಿನ, ಪ್ರತಿಯೊಬ್ಬನೂ, ತನಗೆ ಬಂದ ಸಂಪಾದನೆಯ ಮೇರೆಗೆ, ಮೊದಲೇ ತೆಗೆದಿಡಬೇಕು. ತಿಂಗಳ ಕೊನೆಗೆ ಉಳಿದದ್ದನ್ನು ಕೊಡುತ್ತೇನೆ ಎಂದರೆ ಏನೂ ಉಳಿದಿರುವುದಿಲ್ಲ. ಸಂಬಳ ಬಂದ ದಿನವೇ ಬೇರೆ ಲಕೋಟೆಯಲ್ಲೋ ಖಾತೆಯಲ್ಲೋ ಇಡಿ.

ಹತ್ತನೇ ಪಾಲು ಒಳ್ಳೆಯ ಆರಂಭದ ಅಳತೆ ಎಂಬುದು ನಮ್ಮ ಅಭಿಪ್ರಾಯ. ಅದನ್ನು ಎಲ್ಲರ ಮೇಲೂ ಒಂದೇ ಸಮ ಹೇರಿದರೆ ಮಾತ್ರ ತಪ್ಪಾಗುತ್ತದೆ. 15,000 ರೂಪಾಯಿ ದುಡಿಯುವವರು 1,500 ಕೊಟ್ಟರೆ ಮನೆಯ ದಿನಸಿಗೆ ಪೆಟ್ಟು ಬೀಳುತ್ತದೆ; 2 ಲಕ್ಷ ದುಡಿಯುವವರು 20,000 ಕೊಟ್ಟರೂ ಜೀವನ ಬದಲಾಗುವುದಿಲ್ಲ. ಇದ್ದದ್ದಕ್ಕೆ ತಕ್ಕಂತೆ, ಇಲ್ಲದ್ದಕ್ಕಲ್ಲ ಎಂದು 2 ಕೊರಿಂಥದವರಿಗೆ 8:12 ಹೇಳುತ್ತದೆ. ಬಲವಂತದಿಂದ ಬೇಡ, ಹೃದಯದಲ್ಲಿ ನಿಶ್ಚಯಿಸಿಕೊಂಡು ಸಂತೋಷವಾಗಿ ಎಂದು 9:7.

ಒಟ್ಟು ಸಂಬಳದ ಮೇಲೋ, ಕೈಗೆ ಬಂದದ್ದರ ಮೇಲೋ? ಇದಕ್ಕೆ ವಚನವಿಲ್ಲ. ನಿಶ್ಚಯಿಸಿ, ಅದಕ್ಕೆ ಬದ್ಧರಾಗಿರಿ. ಸಾಲವಿದ್ದರೆ? ಬಡ್ಡಿಗೆ ಸಾಲ ತಂದು ಕಾಣಿಕೆ ಹಾಕುವುದು 8:12ಕ್ಕೆ ವಿರುದ್ಧ. ಮೊತ್ತ ಇಳಿಸಿ, ಸಾಲ ತೀರಿಸಿ, ಅಭ್ಯಾಸ ಮಾತ್ರ ಬಿಡಬೇಡಿ. ವಯಸ್ಸಾದ ತಾಯಿಯ ಔಷಧದ ಹಣವನ್ನು ಸಭೆಗೆ ಕೊಡಬಹುದೇ? ಕೂಡದು. ಕೊರ್ಬಾನ್ (ದೇವರಿಗೆ ಮೀಸಲಾದ ಕಾಣಿಕೆ) ಎಂದು ಹೇಳಿ ತಂದೆತಾಯಿಗೆ ಕೊಡದವರನ್ನು ಯೇಸು ಖಂಡಿಸಿದ್ದಾನೆ (ಮಾರ್ಕ 7:9-13). ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕೆಟ್ಟವನೆಂದು 1 ತಿಮೊಥೆಯನಿಗೆ 5:8 ಹೇಳುತ್ತದೆ. ಇದೇ ನೆಪದಲ್ಲಿ ಸಭಾಪಾಲಕರನ್ನು ಹಸಿವಿನಲ್ಲಿಡುವುದೂ ಸಲ್ಲದು: ಸುವಾರ್ತೆ ಸಾರುವವರು ಅದರಿಂದ ಜೀವಿಸಬೇಕು (1 ಕೊರಿಂಥದವರಿಗೆ 9:14).

ಲೆಕ್ಕ ಕೇಳುವುದು ಅವಿಶ್ವಾಸವೇ? ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಪೌಲನು ಒಬ್ಬನೇ ಒಯ್ಯಲಿಲ್ಲ. ಸಭೆಗಳೇ ನೇಮಿಸಿದ ಸಹೋದರರು ಜೊತೆಗಿರಬೇಕು, ಯಾರೂ ತಪ್ಪು ಹೊರಿಸದಂತೆ ಕರ್ತನ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂದು ಅವನೇ ಬರೆದನು (2 ಕೊರಿಂಥದವರಿಗೆ 8:18-21). ಕಾಣಿಕೆಯನ್ನು ಒಂದೇ ಮನೆಯವರಲ್ಲದ ಇಬ್ಬರು ಕೂತು ಎಣಿಸಿ ಸಹಿ ಹಾಕಲಿ, ರಸೀದಿ ಕೊಡಲಿ, ವರ್ಷದ ಲೆಕ್ಕವನ್ನು ಸಭೆಯ ಮುಂದೆ ಓದಲಿ. ಹೀಗೆ ಮಾಡಲು ಒಪ್ಪದವರ ಕೈಗೆ ಹಣ ಕೊಡದೆ, ಅದನ್ನು ನೇರವಾಗಿ ಕಷ್ಟದಲ್ಲಿರುವ ಸಹೋದರ ಸಹೋದರಿಯರಿಗೆ ತಲುಪಿಸಿದರೆ ನೀವು ದೇವರಿಂದ ಏನನ್ನೂ ಕದ್ದಂತಾಗುವುದಿಲ್ಲ.