ಹಾರ್ಡ್ ಡಿಸ್ಕಿನ ವಾರಂಟಿ ಅವಧಿ

'ಹಾರ್ಡ್ ಡಿಸ್ಕಿಗೆ ಇನ್ನೂ ಎರಡು ವರ್ಷ ವಾರಂಟಿ ಇದೆ, ಫೋಟೋಗಳಿಗೆ ಏನೂ ಭಯವಿಲ್ಲ.' ಮುಂಬೈ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಈ ಮಾತು ಮತ್ತೆ ಬಂತು. ಡೊಂಬಿವಲಿಯವರು ಹೇಳಿದರು, ಮೀರಾ ರೋಡಿನವರು ಹೆಬ್ಬೆಟ್ಟು ಒತ್ತಿದರು. ಇನ್ನು ಸುಮ್ನಿರೋದು ಕಷ್ಟ.

ವಾರಂಟಿ ಅವಧಿ ಅಂದರೆ ಡಿಸ್ಕಿನ ಆಯಸ್ಸಲ್ಲ. ಇಂಥ ದಿನದೊಳಗೆ ಕೆಟ್ಟರೆ ಬದಲಿ ಕೊಡುತ್ತೇವೆ ಎಂದು ಕಂಪನಿ ತಾನೇ ಹಾಕಿಕೊಂಡ ಗಡುವು. ಅದರಲ್ಲಿ ವ್ಯಾಪಾರದ ಲೆಕ್ಕವೇ ಜಾಸ್ತಿ. ನಂಬಿಕೆ ಬಾರದಿದ್ದರೆ ಹಿಂದೆ ಆದದ್ದನ್ನು ನೋಡಿ. 2002ರ ಅಕ್ಟೋಬರಿನಲ್ಲಿ ಡಿಸ್ಕ್ ತಯಾರಿಸುವ ಸೀಗೇಟ್, ಮ್ಯಾಕ್ಸ್‌ಟರ್, ವೆಸ್ಟರ್ನ್ ಡಿಜಿಟಲ್ ಮೂರೂ ತಮ್ಮ ಅನೇಕ ಡೆಸ್ಕ್‌ಟಾಪ್ ಡಿಸ್ಕುಗಳ ವಾರಂಟಿಯನ್ನು 3 ವರ್ಷದಿಂದ 1 ವರ್ಷಕ್ಕೆ ಇಳಿಸಿದವು. 2004ರಲ್ಲಿ ಸೀಗೇಟ್ ಒಮ್ಮೆಲೇ 5 ವರ್ಷ ಎಂದಿತು. 2009ರಲ್ಲಿ ಹಲವು ಮಾದರಿಗಳಿಗೆ ಮತ್ತೆ 3. 2011ರಲ್ಲಿ ಥಾಯ್ಲೆಂಡಿನ ನೆರೆಗೆ ಕಾರ್ಖಾನೆಗಳು ಮುಳುಗಿ ಬೆಲೆ ಏರಿತು. ಆ ವರ್ಷದ ಕೊನೆಗೆ ಸೀಗೇಟ್, ವೆಸ್ಟರ್ನ್ ಡಿಜಿಟಲ್ ಎರಡೂ ಹಲವು ಮಾದರಿಗಳ ವಾರಂಟಿ ಕಡಿಮೆ ಮಾಡಿದವು. ಅಂದರೆ ಡಿಸ್ಕುಗಳು ರಾತ್ರೋರಾತ್ರಿ ಸೊರಗಿ, ಎರಡು ವರ್ಷಕ್ಕೆ ಗಟ್ಟಿಮುಟ್ಟಾಗಿ, ಮತ್ತೆ ಸೊರಗಿದವಾ? ಇಲ್ಲ ಅಲ್ವಾ.

ಮಾಹಿತಿ ಪತ್ರದಲ್ಲಿ ಕಾಣುವ '10 ಲಕ್ಷ ಗಂಟೆ'ಯದೂ ಇದೇ ಕಥೆ. ಗಂಟೆಗಳನ್ನು ವರ್ಷಕ್ಕೆ ಇಳಿಸಿದರೆ 114 ವರ್ಷ ಬರುತ್ತದೆ. ನಿಮ್ಮ ಡಿಸ್ಕ್ ಮೊಮ್ಮಕ್ಕಳ ಕಾಲಕ್ಕೂ ತಿರುಗುತ್ತದೆ ಅಂತಲ್ಲ. ಸಾವಿರಾರು ಡಿಸ್ಕ್ ಒಟ್ಟಿಗೆ ಓಡಿದರೆ ಎಷ್ಟು ಕೆಡಬಹುದು ಎಂಬ ಅಂದಾಜು ಅದು. ತಿರುಗುವ ತಟ್ಟೆಯಿಲ್ಲದೆ ಚಿಪ್ಪಿನಲ್ಲಿ ಉಳಿಸಿಡುವ ಎಸ್‌ಎಸ್‌ಡಿಯಲ್ಲಾದರೆ ವರ್ಷದ ಜೊತೆ ಎಷ್ಟು ಟೆರಾಬೈಟ್ ಬರೆಯಬಹುದು ಅನ್ನುವ ಮಿತಿಯೂ ಇರುತ್ತದೆ. ಯಾವುದು ಮೊದಲು ಮುಗಿದರೂ ವಾರಂಟಿ ಮುಗಿದಂತೆ.

ಇನ್ನು ಫೋಟೋ. ವಾರಂಟಿ ಇರುವುದು ಡಿಸ್ಕಿಗೆ, ಒಳಗಿರುವುದಕ್ಕಲ್ಲ. ಕೆಟ್ಟದ್ದನ್ನು ಕೊಟ್ಟರೆ ಖಾಲಿ ಡಿಸ್ಕ್ ಬರುತ್ತದೆ. ಎಷ್ಟೋ ಸಲ ಅದು ಬೇರೆಯವರದ್ದನ್ನು ರಿಪೇರಿ ಮಾಡಿ ಪರೀಕ್ಷಿಸಿದ ಡಿಸ್ಕ್. ಮಗಳ ನಾಮಕರಣದ ಫೋಟೋಗಳಿದ್ದ ಹಳೆಯದು ವಾಪಸ್ ಬರುವುದಿಲ್ಲ. ಬದಲಿ ಡಿಸ್ಕಿಗೆ ಅವಧಿ ಮೊದಲಿಂದ ಶುರುವಾಗುವುದೂ ಇಲ್ಲ. ಸಾಮಾನ್ಯವಾಗಿ ಹಳೆಯದರಲ್ಲಿ ಉಳಿದಷ್ಟು, ಇಲ್ಲವೇ 90 ದಿನ, ಎರಡರಲ್ಲಿ ಯಾವುದು ಹೆಚ್ಚೋ ಅದು.

ಮುಂಬೈಯ ಕಂಪ್ಯೂಟರ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡಿನಲ್ಲಿ ಅಗ್ಗಕ್ಕೆ ಕೊಳ್ಳುವವರು ದುಡ್ಡು ಕೊಡುವ ಮೊದಲೇ ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಕಂಪ್ಯೂಟರ್ ತಯಾರಕರಿಗೆ ಮಾರಿದ್ದು ಎಂದು ಬಂದರೆ, ಡಿಸ್ಕ್ ಕಂಪನಿ ನಿಮಗೆ ನೇರವಾಗಿ ಬದಲಿ ಕೊಡುವುದಿಲ್ಲ. ಆಗ ಅಂಗಡಿಯವರು 'ಒಂದು ವರ್ಷ ವಾರಂಟಿ' ಅಂದರೆ ಅದು ಅವರ ಸ್ವಂತ ಮಾತು. ಬಿಲ್ಲಿನ ಮೇಲೆ ಬರೆಸಿಕೊಳ್ಳಿ.