ಕುದಿಸಿದರೂ ಹೋಗದ ವಿಷ

"ಫ್ರಿಜ್ ಕೆಟ್ಟಿತ್ತು ಡಾಕ್ಟ್ರೇ, ಆದರೆ ಎಲ್ಲವನ್ನೂ ಚೆನ್ನಾಗಿ ಕುದಿಸಿಯೇ ತಿಂದೆವು." ವಾಂತಿ ಮಾಡಿಕೊಂಡು ಬಂದವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ.

ಕುದಿಸಿದರೆ ಬಹುಪಾಲು ಬ್ಯಾಕ್ಟೀರಿಯಾ ಸಾಯುತ್ತವೆ, ನಿಜ. ಆದರೆ ಅಷ್ಟರೊಳಗೆ ಅವು ಆಹಾರದಲ್ಲಿ ಬಿಟ್ಟಿರುವ ವಿಷ? ಸ್ಟ್ಯಾಫಿಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಎಷ್ಟೋ ಜನರ ಮೂಗಿನಲ್ಲಿ, ಚರ್ಮದ ಮೇಲೆ ಸುಮ್ನೆ ಇರುತ್ತದೆ. ಕೈಯಿಂದ ಅಡುಗೆಗೆ ಸೇರುತ್ತದೆ. ಆಹಾರ ಬೆಚ್ಚಗೆ ಕೂತರೆ ಬೆಳೆದು ವಿಷ ಬಿಡುತ್ತದೆ. ಆ ವಿಷ ಕುದಿತಕ್ಕೆ ಹಾಳಾಗುವುದಿಲ್ಲ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್‌ನ ವಾಂತಿ ತರಿಸುವ ವಿಷವಂತೂ ಕುಕ್ಕರಿನ ಬಿಸಿಗೂ ಜಗ್ಗುವುದಿಲ್ಲ. ಕೆಲವು ಜಾತಿಯ ಮೀನು ತಣ್ಣಗಿರದಿದ್ದರೆ ಅದರಲ್ಲಿ ಅಲರ್ಜಿಯಂಥ ತೊಂದರೆ ತರುವ ಹಿಸ್ಟಮಿನ್ ಅನ್ನುವ ವಸ್ತು ಸೇರಿಕೊಳ್ಳುತ್ತದೆ. ಹುರಿದರೂ ಅದು ಹೋಗುವುದಿಲ್ಲ. ಎಲ್ಲ ಬ್ಯಾಕ್ಟೀರಿಯಾಗಳೂ ಹೀಗೆ ಅಂತ ಹೇಳುತ್ತಿಲ್ಲ. ಆದರೆ ನಿಮ್ಮ ಪಾತ್ರೆಯಲ್ಲಿ ಯಾವುದು ಬೆಳೆದಿದೆ ಅಂತ ಮನೆಯಲ್ಲಿ ತಿಳಿಯಲು ದಾರಿಯೇ ಇಲ್ಲ.

ಮೂಸಿ ನೋಡಿದರೂ ತಿಳಿಯದು. ವಾಸನೆ ಬರಿಸುವ ಬ್ಯಾಕ್ಟೀರಿಯಾಗಳೇ ಬೇರೆ, ಕಾಯಿಲೆ ತರುವವು ಬಹುಪಾಲು ಬೇರೆ.

ಒಬ್ಬ ಅಜ್ಜಿ ಮೊಮ್ಮಕ್ಕಳಿಗೆ ಬಡಿಸುವ ಮುಂಚೆ ತಾವೇ ಒಂದು ತುತ್ತು ತಿಂದು, ಹತ್ತು ನಿಮಿಷ ಕಾದು ನೋಡಿದ್ದರಂತೆ. ಅವರ ಪ್ರೀತಿ ಕಂಡು ಬೈಯಲು ಬಾಯಿ ಬರಲಿಲ್ಲ. ಸ್ಟ್ಯಾಫಿಲೊಕಾಕಸ್, ಬ್ಯಾಸಿಲಸ್ ಬಿಟ್ಟ ವಾಂತಿಯ ವಿಷ ಸಾಮಾನ್ಯವಾಗಿ ಕೆಲಸ ತೋರಿಸುವುದು 1ರಿಂದ 6 ಗಂಟೆಯೊಳಗೆ. ಹತ್ತು ನಿಮಿಷದಲ್ಲಿ ಏನೂ ಗೊತ್ತಾಗುವುದಿಲ್ಲ. ಅದೂ ಅಲ್ಲದೆ ವಯಸ್ಸಾದವರಿಗೇ ಅಪಾಯ ಜಾಸ್ತಿ.

ಹಾಗಾದರೆ ಏನು ನೋಡಬೇಕು? ಎಷ್ಟು ಹೊತ್ತು, ಎಷ್ಟು ಬಿಸಿ, ಇವೆರಡೇ. ಫ್ರಿಜ್ಜಿನೊಳಗೆ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬೇಕು. ಬೆಚ್ಚಗಿನ ಜಾಗದಲ್ಲಿ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗಬಲ್ಲವು. ಆ ಲೆಕ್ಕದಲ್ಲಿ ಒಂದೇ ಒಂದು, 4 ಗಂಟೆಯಲ್ಲಿ 4,096 ಆಗುತ್ತದೆ. ಕರೆಂಟು ಹೋದಾಗ ಬಾಗಿಲು ತೆಗೆಯದೇ ಇದ್ದರೆ ಫ್ರಿಜ್ ಸುಮಾರು 4 ಗಂಟೆ ತಣ್ಣಗಿರುತ್ತದೆ. ತುಂಬಿದ ಫ್ರೀಜರ್ ಸುಮಾರು 48 ಗಂಟೆ. ಹಾಲು, ಮಾಂಸ, ಮೀನು, ಅನ್ನ, ಬೇಯಿಸಿದ ಅಡುಗೆ 2 ಗಂಟೆಗಿಂತ ಹೆಚ್ಚು ಬೆಚ್ಚಗಿದ್ದರೆ ಎಸೆದುಬಿಡಿ. ಎಷ್ಟು ಹೊತ್ತು ಅಂತ ಗೊತ್ತೇ ಇಲ್ಲದಿದ್ದರೂ ಅಷ್ಟೇ. ಬೆಣ್ಣೆ, ಜಾಮ್, ಹೆಚ್ಚದ ಹಣ್ಣು-ತರಕಾರಿಗೆ ಇಷ್ಟು ಹೆದರಬೇಕಿಲ್ಲ. ಫ್ರೀಜರಿನಲ್ಲಿರುವುದರಲ್ಲಿ ಇನ್ನೂ ಐಸಿನ ಹರಳು ಉಳಿದಿದ್ದರೆ ಮತ್ತೆ ಗಟ್ಟಿ ಮಾಡಬಹುದು.

ಫ್ರಿಜ್ಜಿನೊಳಗೆ ಒಂದು ಚಿಕ್ಕ ಥರ್ಮಾಮೀಟರ್ ಇಡಿ. ಬಾಗಿಲಿನಲ್ಲಿ ಬೇಡ, ನಡುವಿನ ತಟ್ಟೆಯಲ್ಲಿ.

ತಿಂದಾಗಿದೆ, ವಾಂತಿ ನಿಲ್ಲುತ್ತಿಲ್ಲ, ಮೂತ್ರ ಕಡಿಮೆಯಾಗಿದೆ, ಭೇದಿಯಲ್ಲಿ ರಕ್ತವಿದೆ ಅಂದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಮಕ್ಕಳು, ಗರ್ಭಿಣಿಯರು, ವಯಸ್ಸಾದವರಾದರೆ ಇನ್ನೂ ಬೇಗ. ಏನು ತಿಂದಿರಿ, ಎಷ್ಟು ಗಂಟೆಗೆ ತಿಂದಿರಿ ಅನ್ನುವುದನ್ನು ಡಾಕ್ಟರಿಗೆ ಮೊದಲೇ ಹೇಳಿ. ಫ್ರಿಜ್ ಕೆಟ್ಟಿತ್ತು ಅನ್ನುವುದನ್ನೂ ಮುಚ್ಚಿಡಬೇಡಿ.